ಸೂಗಮ್ಮನ ಹಾಲು ಹೆಪ್ಪುಗಟ್ಟದ ವಾರ

ಚಿತ್ತಾಪುರದ ಸೂಗಮ್ಮನ ಮನೆಯ ಮೊಸರನ್ನು ಸುರಿಯಲು ಬರುತ್ತಿರಲಿಲ್ಲ, ಕೊಯ್ಯಬೇಕಾಗುತ್ತಿತ್ತು. ಗಡಿಗೆಯನ್ನು ಬೋರಲು ಹಿಡಿದರೂ ಒಂದು ಹನಿ ಬೀಳುವುದಿಲ್ಲ ಎಂದು ಆಕೆಯೇ ಸಾರುತ್ತಿದ್ದಳು. ನಂಬದವರು ಸಿಕ್ಕರೆ ಅವರ ತಲೆಯ ಮೇಲೆಯೇ ಬೋರಲು ಹಿಡಿದು ತೋರಿಸುತ್ತಿದ್ದಳು. ಗಂಡ ಕಲ್ಯಾಣಪ್ಪ ಈ ಪರೀಕ್ಷೆಗೆ ಎಷ್ಟು ಸಲ ತಲೆ ಕೊಟ್ಟಿದ್ದನೋ ಲೆಕ್ಕವಿಲ್ಲ. ತಹಸೀಲ್ ಕಚೇರಿಯಲ್ಲಿ ಯಾರ ಗೋಜಿಗೂ ಹೋಗದೆ ನೌಕರಿ ಮುಗಿಸಿ ಬಂದಿದ್ದ ಆತ, ಮನೆಯಲ್ಲೂ ಅದೇ ಪದ್ಧತಿ ಇಟ್ಟುಕೊಂಡು ಸುಖವಾಗಿದ್ದ.

ಓಣಿಯಲ್ಲಿ ಯಾರ ಮನೆಯ ಮೊಸರು ಕೆಟ್ಟರೂ ಹೆಪ್ಪಿಗೆ ಸೂಗಮ್ಮನ ಬಾಗಿಲಿಗೇ ಬರಬೇಕು. ಬಂದವರಿಗೆ ಒಂದು ಚಮಚ ಹೆಪ್ಪು, ಒಂದು ತಾಸು ಉಪದೇಶ. ಇಷ್ಟು ಹೆಸರಿದ್ದ ಮೊಸರನ್ನು ಹೊಗಳದೆ ಉಳಿದವಳು ಜಗತ್ತಿನಲ್ಲಿ ಒಬ್ಬಳೇ. ಆಕೆ ಸೇಡಂನ ಬೀಗತಿ ಮಾಣಿಕಮ್ಮ, ಮಗಳು ಉಮಾದೇವಿಯ ಅತ್ತೆ. ನಿಶ್ಚಯದ ದಿನ ಉಂಡಳು, ಮದುವೆಯಲ್ಲಿ ಉಂಡಳು, ದೀಪಾವಳಿಗೆ ಬಂದು ಉಂಡಳು. ಪ್ರತಿ ಸಲವೂ ಬೆರಳು ನೆಕ್ಕಿಕೊಂಡು "ಅಡ್ಡಿ ಇಲ್ಲ" ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದಳು. ಆ "ಅಡ್ಡಿ ಇಲ್ಲ" ಸೂಗಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಈಗ ಉಮಾದೇವಿ ಬಸುರಿ, ತವರಿಗೆ ಬಂದಿದ್ದಾಳೆ. ಭಾನುವಾರ ಕುಬಸ, ಅಂದರೆ ಸೀಮಂತ. ಸೇಡಂನ ಬೀಗರು ಬರುತ್ತಾರೆ, ವಾಡಿ, ಶಹಾಬಾದ, ಚಿಂಚೋಳಿಯ ಬಳಗವೂ ಬರುತ್ತದೆ. ಅಷ್ಟು ಜನರ ಎದುರಿಗೆ ಮಾಣಿಕಮ್ಮನ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸದಿದ್ದರೆ ತಾನು ಮೊಸರು ಮಾಡುವುದನ್ನೇ ಬಿಡುತ್ತೇನೆ ಎಂದು ಸೂಗಮ್ಮ ಗಂಡನ ಎದುರು ಶಪಥ ಮಾಡಿದಳು. ಗಂಡ ಹೂಂ ಎಂದ.

ಆ ವಾರವೇ ಹಾಲು ಕೈಕೊಟ್ಟಿತು.

ಸೋಮವಾರ ಬೆಳಿಗ್ಗೆ ಗಡಿಗೆಯ ಮುಚ್ಚಳ ತೆಗೆದರೆ ಹಾಲು ರಾತ್ರಿ ಇಟ್ಟಂತೆಯೇ ತೆಳ್ಳಗೆ ಕೂತಿತ್ತು. ಒಡೆದಿರಲಿಲ್ಲ, ಹುಳಿಯಾಗಿರಲಿಲ್ಲ, ಮೊಸರಂತೂ ಆಗಿರಲೇ ಇಲ್ಲ. ಸೂಗಮ್ಮ ಗಡಿಗೆ ತೊಳೆದು, ಬಿಸಿಲಿಗೆ ಒಣಗಿಸಿ, ಉಳಿದಿದ್ದ ಹೆಪ್ಪನ್ನೆಲ್ಲ ಬಳಿದು ಹಾಕಿ, ಗಡಿಗೆಗೆ ಕಂಬಳಿ ಹೊದಿಸಿ ಮಲಗಿಸಿದಳು. ಮರುದಿನವೂ ಹಾಲೇ. ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆದಳು. ಮೆಣಸಿನಕಾಯಿ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರು, ಹಾಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಹೆಪ್ಪು ಸತ್ತಿದೆ ಎಂದು ತೀರ್ಮಾನವಾಯಿತು. ಸೂಗಮ್ಮನಂಥವಳು ಓಣಿಯಲ್ಲಿ ಬಟ್ಟಲು ಹಿಡಿದು ನಿಲ್ಲುವುದುಂಟೆ? ಗುಟ್ಟಾಗಿ ಒಂದೇ ದಿನ ಊರಾಚೆಗೆ ಮೂರು ಫೋನು ಹೋದವು, ಬಂದ ಹೆಪ್ಪುಗಳಿಗೆ ಅಂದೇ ರಾತ್ರಿ ಮೂರು ಗಡಿಗೆ ಹಾಲು ಇಟ್ಟಳು. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ತಂಗಿ ನೀಲಮ್ಮ ಸ್ಟೀಲಿನ ಡಬ್ಬಿಯಲ್ಲಿ ಹೆಪ್ಪು ತುಂಬಿ, ಪ್ಯಾಸೆಂಜರ್ ಗಾಡಿಯಲ್ಲಿ ಬರುವವರ ಕೈಯಲ್ಲಿ ಕಳಿಸಿದಳು. ಅದೂ ಹಾಲಿನಲ್ಲಿ ಮುಳುಗಿ ಮಾಯವಾಯಿತು. ಸೂಗಮ್ಮ ತಂಗಿಗೆ ಫೋನು ಮಾಡಿ, ಸಿಮೆಂಟಿನ ಧೂಳು ಕುಡಿದ ಊರಿನ ಹೆಪ್ಪಿಗೆ ಎಲ್ಲಿಯ ಕಸುವು ಎಂದುಬಿಟ್ಟಳು. ಶಹಾಬಾದದ ಚಿಕ್ಕಮ್ಮನ ಹೆಪ್ಪು ಬಂತು, ಕಟ್ಟಲಿಲ್ಲ. ನಿಮ್ಮ ಊರಲ್ಲಿ ಕಲ್ಲಷ್ಟೇ ಗಟ್ಟಿ ಎಂದು ಆಕೆಗೂ ಹೇಳಿದ್ದಾಯಿತು. ಚಿಂಚೋಳಿಯ ಸೋದರತ್ತೆಯ ಹೆಪ್ಪು ಬಸ್ ಕಂಡಕ್ಟರನ ತೊಡೆಯ ಮೇಲೆ ಕೂತು, ಒಂದು ಹನಿ ಚೆಲ್ಲದೆ ಬಂದಿತ್ತು. ಅದು ಸತ್ತ ಮೇಲೆ ಸೋದರತ್ತೆಗೆ ಸೂಗಮ್ಮ ಏನು ಅಂದಳೋ, ಆಕೆ ಫೋನು ಇಟ್ಟವಳು ಮತ್ತೆ ಎತ್ತಲಿಲ್ಲ. ಬುಧವಾರ ಸಂಜೆಯ ಹೊತ್ತಿಗೆ ಮೂರು ಊರಿನ ಬಳಗ ಸೂಗಮ್ಮನ ಮೇಲೆ ಮುನಿಸಿಕೊಂಡಿತ್ತು. ಭಾನುವಾರ ಹೋಗಲೇಬೇಕು, ಆ ಮಹಾತಾಯಿಯ ಮೊಸರು ಹೇಗಿರುತ್ತದೆ ನೋಡೇಬಿಡೋಣ ಎಂದು ಮೂವರೂ ಒಬ್ಬರಿಗೊಬ್ಬರು ಹೇಳಿಕೊಂಡರು.

ಈಗ ಒಂದು ವಿಷಯ ಹೇಳಲೇಬೇಕು. ಹಾಲು ಕೈಕೊಡುವ ಹಿಂದಿನ ದಿನ ಸೂಗಮ್ಮನ ಎಮ್ಮೆಗೆ ಕೆಚ್ಚಲು ಬಾವು ಬಂದಿತ್ತು. ನಮ್ಮ ಮನೆಯ ಎಮ್ಮೆಗೆ ಔಷಧ ಅಂದರೇನೆಂದೇ ಗೊತ್ತಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡವಳು, ದನದ ಡಾಕ್ಟರನ್ನು ಹಿತ್ತಲ ಬಾಗಿಲಿನಿಂದ ಕರೆಸಿದಳು. ಅವರು ಟ್ಯೂಬಿನಿಂದ ಮೊಲೆಯೊಳಗೆ ಔಷಧ ಏರಿಸಿ, ತಾವು ಹೇಳುವವರೆಗೆ ಈ ಎಮ್ಮೆಯ ಹಾಲನ್ನು ಯಾವುದಕ್ಕೂ ಬಳಸಬೇಡಿ, ಚೆಲ್ಲಿಬಿಡಿ ಎಂದು ಕಟ್ಟಪ್ಪಣೆ ಮಾಡಿದ್ದರು. ಸೂಗಮ್ಮ ಅರ್ಧ ಕೇಳಿದಳು. ಕುಡಿಯಲು, ಬಸುರಿ ಮಗಳಿಗೆ ಕೊಡಲು ಪಕ್ಕದ ಮನೆಯ ಮಾಶಾಬಿಯ ಹತ್ತಿರ ಹಾಲು ತೆಗೆದುಕೊಂಡಳು. ಆದರೆ ಗಿಂಡಿಗಟ್ಟಲೆ ಹಾಲನ್ನು ಗಟಾರಕ್ಕೆ ಸುರಿಯಲು ಆಕೆಯ ಕೈ ಮೇಲೇಳಲಿಲ್ಲ. ಮೂರು ಸಲ ಉಕ್ಕಿಸಿ, ಮೇಲೆ ಹುಳಿಯೂ ಬಿದ್ದರೆ ಯಾವ ಔಷಧ ಉಳಿದೀತು ಎಂದು ತನ್ನಷ್ಟಕ್ಕೆ ತಾನೇ ಡಾಕ್ಟರಾದಳು. ಗೋಡೆಯ ಆಚೆಯಿಂದ ಇದನ್ನೆಲ್ಲ ನೋಡಿದ್ದ ಮಾಶಾಬಿ ಬೇಡವೇ ಬೇಡ ಎಂದು ಕೈಯಾಡಿಸಿದ್ದೂ ನೀರಲ್ಲಿ ಹೋಯಿತು. ಹೆಪ್ಪು ಸೋತಾಗಲೂ ಸೂಗಮ್ಮನಿಗೆ ಎಮ್ಮೆಯ ನೆನಪು ಬರಲಿಲ್ಲ. ಬರಬಾರದೆಂದೇ ಆಕೆ ಬೇರೆ ಕಡೆ ಹುಡುಕುತ್ತಿದ್ದಳು ಎಂದು ನನ್ನ ಅನುಮಾನ.

ಹುಡುಕಿದ್ದು ಸಿಕ್ಕಿತು. ಅಳಿಯ.

ಅಳಿಯ ಸಂತೋಷಕುಮಾರ ಕಲಬುರಗಿಯ ಒಂದು ಲ್ಯಾಬಿನಲ್ಲಿ ಸಂಶೋಧನೆ ಮಾಡುವವನು. ಹೆಂಡತಿ ತವರಿನಲ್ಲಿದ್ದಾಳೆಂದು ತಾನೂ ಚಿತ್ತಾಪುರದಲ್ಲಿ ಉಳಿದು, ದಿನಾ ವಾಡಿಯ ಮೇಲೆ ರೈಲಿನಲ್ಲಿ ಹೋಗಿಬರುತ್ತಿದ್ದ. ಅವನ ಲ್ಯಾಬಿನಲ್ಲಿ ಕಣ್ಣಿಗೆ ಕಾಣದ ಹುಳ ಸಾಕುತ್ತಾರೆ, ಅವನ್ನು ಕೊಲ್ಲುವ ಪುಡಿಯೂ ಇಟ್ಟಿರುತ್ತಾರೆ ಎಂದು ಉಮಾದೇವಿ ಯಾವಾಗಲೋ ಹೇಳಿದ್ದು ಸೂಗಮ್ಮನಿಗೆ ನೆನಪಾಯಿತು. ಆ ಪುಡಿ ಅಳಿಯನ ಅಂಗಿಗೆ, ಕೈಗೆ ಅಂಟಿಕೊಂಡು ಬಂದು ಮನೆಯ ಹೆಪ್ಪನ್ನು ಕೊಲ್ಲುತ್ತಿದೆ. ಸಂಶಯವೇ ಇಲ್ಲ.

ಆದರೆ ಅಳಿಯನಿಗೆ ಹೀಗೆಂದು ಹೇಳುವುದು ಹೇಗೆ? ಸೂಗಮ್ಮ ಹಳೆಯ ಕಾಲದವಳು. ಅಳಿಯ ಮನೆಗೆ ಬಂದರೆ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಮರೆಗೆ ನಿಲ್ಲುವವಳು. ಅವನಿಗೆ ಹೇಳುವ ಮಾತನ್ನೆಲ್ಲ ಗಂಡನಿಗೆ ಹೇಳುವವಳು. ಹಾಗಾಗಿ ಮರ್ಯಾದೆಯನ್ನೇ ಆಯುಧ ಮಾಡಿಕೊಂಡಳು. ಸಂತೋಷಕುಮಾರ ಸಂಜೆ ಬಂದ ಕೂಡಲೇ ಅಂಗಳದಲ್ಲಿಯೇ ಅವನಿಗೆ ಬೆಳ್ಳಿ ತಂಬಿಗೆಯಲ್ಲಿ ಕೈ ತೊಳೆಯಲು ನೀರು, ಹೊಸ ಸಾಬೂನು, ಮತ್ತೊಮ್ಮೆ ನೀರು. ಬಟ್ಟೆ ಬದಲಿಸಲು ಮಡಿ ಧೋತರ. ಊಟ ಪಡಸಾಲೆಯಲ್ಲಿ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ. ಅಡುಗೆಮನೆಯ ಕಡೆ ಅವನು ನೀರಿಗೆಂದು ಎದ್ದರೂ ಸಾಕು, ಕಲ್ಯಾಣಪ್ಪನನ್ನು ಚಿವುಟಿ ಎಬ್ಬಿಸಿ ಅಡ್ಡ ನಿಲ್ಲಿಸುತ್ತಿದ್ದಳು. ಇಂಥ ಉಪಚಾರ ಈ ಸೀಮೆಯಲ್ಲಿ ಇನ್ನಾವ ಅಳಿಯನಿಗೂ ಆಗಿರಲಿಕ್ಕಿಲ್ಲ. ಜೊತೆಗೆ, ವಾಡಿಯ ತಂಗಿಯನ್ನು ಸಮಾಧಾನ ಮಾಡಲು ಫೋನು ಮಾಡಿದಾಗ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿ, ಇದು ಅಳಿಯನ ಕೈಗುಣ ಎಂದು ಉಸುರಿದಳು.

ಸಂತೋಷಕುಮಾರ ಮೊದಲು ಹಿಗ್ಗಿದ, ಆಮೇಲೆ ಗಾಬರಿಯಾದ. ಉಮಾದೇವಿಯನ್ನು ಕೇಳಿದರೆ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕು ಎಲ್ಲ ಹೇಳಿದಳು. ಅವನಿಗೆ ನಗು ಬರಲಿಲ್ಲ. ತನ್ನ ಕೆಲಸದ ಮೇಲೆ ಅಪವಾದ ಬಂದರೆ ಯಾರಿಗೆ ತಾನೆ ನಗು ಬರುತ್ತದೆ? ಗುರುವಾರ ಅವನು ಕಟ್ಟದ ಹಾಲನ್ನು ಸಣ್ಣ ಸೀಸೆಯಲ್ಲಿ ತುಂಬಿಕೊಂಡು ಕಲಬುರಗಿಗೆ ಹೋದ. ಮರುದಿನ ಸಂಜೆ ಬಂದವನು ಕೈ ತೊಳೆದು, ಮತ್ತೊಮ್ಮೆ ತೊಳೆದು, ಮಾವನ ಎದುರಿಗೆ ಕೂತು ಮೊಬೈಲು ತೆಗೆದ. ಸೂಗಮ್ಮ ಬಾಗಿಲ ಮರೆಯಲ್ಲಿ ಸೆರಗು ಎಳೆದುಕೊಂಡು ನಿಂತಳು.

ಮೊಬೈಲಿನಲ್ಲಿ ಒಂದು ಗಾಜಿನ ತಟ್ಟೆಯ ಚಿತ್ರವಿತ್ತು. ತಟ್ಟೆಯ ತುಂಬ ಬೂದಿ ಸವರಿದಂತೆ ಬಿಳಿ ಪದರ. ಅದರ ಮೇಲೆ ಕುಂಕುಮದ ಬೊಟ್ಟಿನಷ್ಟು ದೊಡ್ಡ ಎರಡು ಕಾಗದದ ಚೂರು, ಎರಡರ ಸುತ್ತಲೂ ಬಿಳಿ ಇಲ್ಲದ ಬೋಳು ವರ್ತುಲ. ಬಿಳಿ ಪದರ ಅಂದರೆ ಬ್ಯಾಕ್ಟೀರಿಯಾ. ಒಂದು ಕಾಗದವನ್ನು ಲ್ಯಾಬಿನ ಆಂಪಿಸಿಲಿನ್ ಎಂಬ ಔಷಧದಲ್ಲಿ ಅದ್ದಿದ್ದು, ಇನ್ನೊಂದನ್ನು ಮನೆಯ ಹಾಲಿನಲ್ಲಿ ಅದ್ದಿದ್ದು ಎಂದು ಅವನು ವಿವರಿಸಿದ. ಎರಡರ ಹತ್ತಿರವೂ ಬ್ಯಾಕ್ಟೀರಿಯಾ ಬೆಳೆದಿಲ್ಲ. ಆಂಪಿಸಿಲಿನ್ ಇಲ್ಲವೇ ಅದರ ಮನೆತನದ ಯಾವುದೋ ಔಷಧ ಹಾಲಿನೊಳಗೆ ಸೇರಿರಬೇಕು.

"ಕೇಳ್ರಿ ಅವರಿಗಿ," ಎಂದಳು ಸೂಗಮ್ಮ ಗಂಡನಿಗೆ, "ಅವರ ಕೈಯಿಂದ ಬಿದ್ದದ ಏನು ಅಂತ."

ಕಲ್ಯಾಣಪ್ಪ ಅಳಿಯನ ಮುಖ ನೋಡಿದ. ಅಳಿಯ ಮಾವನಿಗೇ ಉತ್ತರ ಕೊಟ್ಟ. ಲ್ಯಾಬಿನಲ್ಲಿ ಕೈಗವಸು ಇಲ್ಲದೆ ಯಾರೂ ಅದನ್ನು ಮುಟ್ಟುವುದಿಲ್ಲ, ಅಂಗಿಗೆ ಅಂಟಿದ ಧೂಳಿನಿಂದ ಗಡಿಗೆ ಹಾಲು ಕೆಡುವುದಿಲ್ಲ. ಇಷ್ಟು ದೊಡ್ಡ ವರ್ತುಲ ಬರಬೇಕಾದರೆ ಔಷಧ ಹಾಲಿನ ಮೂಲದಲ್ಲೇ ಇರಬೇಕು ಎಂದ. ಎಮ್ಮೆಯ ಹೆಸರು ಮಾತ್ರ ಎತ್ತಲಿಲ್ಲ. ಬಾಗಿಲ ಮರೆಯಲ್ಲಿ ಬಳೆಯ ಸದ್ದು ನಿಂತುಹೋಯಿತು.

ಸ್ವಲ್ಪ ಹೊತ್ತಿನ ಮೇಲೆ, ಹಾಲು ಮೂರು ಸಲ ಉಕ್ಕಿದರೂ ಸಾಯದ ಆ ಔಷಧ ಅಂಥದ್ದೇನು ಮಾಡುತ್ತದೆ ಎಂದು ಕೇಳಿರಿ ಎಂದು ಗಂಡನಿಗೆ ಅಪ್ಪಣೆಯಾಯಿತು. ಸಂತೋಷಕುಮಾರನ ಮುಖ ಅರಳಿತು. ಮದುವೆಯಾದಾಗಿನಿಂದ ಅವನ ಕೆಲಸ ಏನೆಂದು ಆ ಮನೆಯಲ್ಲಿ ಕೇಳಿದವರು ಇರಲಿಲ್ಲ.

"ನೋಡ್ರಿ ಮಾಮಾ, ಮಸರ ಮಾಡೋ ಜೀವಕ್ಕ ಸುತ್ತಲೂ ಒಂದು ಗ್ವಾಡಿ ಇರ್ತದ. ನಮ್ಮ ಕಡಿ ಕಲ್ಲಿನ ಗ್ವಾಡಿ ಇದ್ದಂಗ. ಒಂದು ಎರಡಾಗಿ ಬೆಳೀಬೇಕಂದ್ರ ಅದು ತನ್ನ ಗ್ವಾಡಿ ತಾನೇ ಅಲ್ಲಲ್ಲಿ ಬಿಚ್ಚಿ, ಹೊಸ ಕಲ್ಲು ಸೇರಿಸ್ಬೇಕು. ಬಿಚ್ಚೋರು ಬ್ಯಾರೆ, ಕಟ್ಟೋ ಗೌಂಡಿ ಬ್ಯಾರೆ. ಹೊಸ ಕಲ್ಲಿಗಿ ಒಂದು ಬಾಲ ಇರ್ತದ. ಗೌಂಡಿ ಆ ಬಾಲ ಹಿಡಿದು ಬಾಜೂ ಕಲ್ಲಿಗಿ ಕೊಂಡಿ ಹಾಕ್ತಾನ. ಈ ಔಷಧ ಬರೋಬ್ಬರಿ ಆ ಬಾಲದಂಗೇ ಕಾಣ್ತದ. ಗೌಂಡಿ ಅದನ್ನ ಹಿಡೀತಾನ, ಕೈ ಅಲ್ಲೇ ಅಂಟ್ಕೋತದ. ಬಿಡ್ಸಲಾಕ ಬರಂಗಿಲ್ಲ."

ಕಲ್ಯಾಣಪ್ಪ ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡ.

"ಮತ್ತ ಬಿಚ್ಚೋರು?" ಎಂದಿತು ಬಾಗಿಲು. ಸೂಗಮ್ಮ ಗಂಡನನ್ನು ಮಧ್ಯ ಇಟ್ಟುಕೊಳ್ಳುವುದನ್ನು ಮರೆತಿದ್ದಳು.

"ಬಿಚ್ಚೋರಿಗಿ ಖಬರೇ ಇಲ್ರಿ ಅತ್ತಿ. ಅವರು ಬಿಚ್ಚಲಾಕತ್ತೇ ಇರ್ತಾರ. ಕೊಂಡಿ ಇಲ್ಲದ ಗ್ವಾಡಿ ಸಡ್ಲ ಆಗ್ತದ. ಒಳಗ ನೀರಿನ ಒತ್ತಡ ಭಾಳ ಇರ್ತದ, ಗ್ವಾಡಿ ಒಡೀತದ. ಜೀವ ಅಲ್ಲೇ ಖಲಾಸ್."

ಸೂಗಮ್ಮನಿಗೆ ತನ್ನ ಹೆಪ್ಪು ನೆನಪಾಯಿತು. ತಾಯಿಯ ಕಾಲದಿಂದ ಬಂದ ಹೆಪ್ಪು. ಅದರ ಸಣ್ಣಸಣ್ಣ ಮನೆಗಳೆಲ್ಲ ಒಡೆದು, ಗೌಂಡಿಗಳೆಲ್ಲ ಕೈ ಅಂಟಿಸಿಕೊಂಡು ನಿಂತ ಚಿತ್ರ ಕಣ್ಣಿಗೆ ಕಟ್ಟಿತು. ಎಲ್ಲವೂ ಸಾಯುತ್ತವೆಯೇ ಎಂದು ಕೇಳಿದಳು. ಕಟ್ಟಲು ಹೊರಟವು ಮಾತ್ರ ಸಾಯುತ್ತವೆ, ಬೆಳೆಯದೆ ಸುಮ್ಮನೆ ಕೂತವಕ್ಕೆ ಈ ಔಷಧ ಹೆಚ್ಚೇನೂ ಮಾಡುವುದಿಲ್ಲ, ಆದರೆ ಸುಮ್ಮನೆ ಕೂತವು ಮೊಸರನ್ನೂ ಮಾಡುವುದಿಲ್ಲ ಎಂದ ಅಳಿಯ. ಸೂಗಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಷ್ಟು ವರ್ಷ ಈತನಿಗೆ ಒಂದು ನೆಗಡಿಯೂ ಬಾರದಿದ್ದುದಕ್ಕೆ ಕಾರಣ ಸಿಕ್ಕಂತಾಯಿತು.

"ನಮ್ಮ ಮೈಯಾಗಿನ ಗ್ವಾಡಿಗಿ?" ಎಂದಳು.

"ನಮ್ಮ ಮೈಯಾಗ ಅಂಥ ಗ್ವಾಡೀನೇ ಇಲ್ರಿ. ಅದಕ್ಕೇ ಮನಷ್ಯಾಗ, ದನಕ್ಕ ಇದನ್ನ ಔಷಧ ಅಂತ ಕೊಡ್ತಾರ."

ದನ ಎಂಬ ಮಾತು ಬಂದದ್ದೇ ಸಂತೋಷಕುಮಾರ ನಾಲಿಗೆ ಕಚ್ಚಿಕೊಂಡ. ಬಾಗಿಲ ಮರೆಯಲ್ಲಿ ಸೆರಗು ಇನ್ನಷ್ಟು ಕೆಳಗಿಳಿಯಿತು. ಕಡೆಗೆ ಸೂಗಮ್ಮ ಎಮ್ಮೆಯ ಕತೆಯನ್ನೆಲ್ಲ ಗಂಡನಿಗೆ ಹೇಳುವ ನೆಪದಲ್ಲಿ ಅಳಿಯನಿಗೆ ಹೇಳಿದಳು. ಇದು ಭಾನುವಾರ ಬೀಗರ ಕಿವಿಗೆ ಬಿದ್ದರೆ ತಾನು ಬದುಕಿದ್ದೂ ಸತ್ತಂತೆ ಎಂದಳು. ತನ್ನ ಬಾಯಿಂದ ಈ ಮಾತು ಹೊರಗೆ ಹೋಗುವುದಿಲ್ಲ ಎಂದು ಸಂತೋಷಕುಮಾರ ಮಾತು ಕೊಟ್ಟ. ಆ ಸಂಜೆಯೇ ಗಡಿಗೆಯ ಹಾಲು ಹಿತ್ತಲಿನ ಗುಂಡಿಗೆ ಹೋಯಿತು. ಭಾನುವಾರಕ್ಕೆ ಮಾಶಾಬಿಯ ಮನೆಯ ಹಾಲು ಎಂದು ನಿಶ್ಚಯವಾಯಿತು. ಮಾಶಾಬಿ ಒಂದು ಮಾತೂ ಆಡದೆ ಒಪ್ಪಿಕೊಂಡಳು, ನಗು ತಡೆಯಲು ಮಾತ್ರ ಬಾಯಿಗೆ ದುಪಟ್ಟಾ ಹಿಡಿಯಬೇಕಾಯಿತು.

ಹಾಲೇನೋ ಆಯಿತು, ಹೆಪ್ಪು ಎಲ್ಲಿಂದ ತರಬೇಕು? ಮನೆಯದು ಸತ್ತಿತ್ತು. ವಾಡಿ, ಶಹಾಬಾದ, ಚಿಂಚೋಳಿಯನ್ನು ಮತ್ತೆ ಕೇಳುವ ಮುಖವಿರಲಿಲ್ಲ. ಓಣಿಯಲ್ಲಿ ಕೇಳಿದರೆ ಭಾನುವಾರದೊಳಗೆ ತಾಲೂಕಿಗೆಲ್ಲ ಸುದ್ದಿ. ಸಂತೋಷಕುಮಾರ ಯೋಚಿಸಿ, ಆಗಲೇ ಸೇಡಂ ಗಾಡಿ ಹತ್ತಿದ. ಅವನು ತನ್ನ ಮನೆ ಮುಟ್ಟುವಷ್ಟರಲ್ಲಿ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಹೆಪ್ಪನ್ನು ಮನೆಯಿಂದಾಚೆ ಕೊಡುವುದಿಲ್ಲ ಎಂದು ತಾಯಿ ಮಾಣಿಕಮ್ಮ ಪಟ್ಟು ಹಿಡಿದಳು. ಇದು ಯಾರ ಮನೆಗೂ ಅಲ್ಲ, ಕಲಬುರಗಿಯ ಲ್ಯಾಬಿಗೆ ಎಂದು ಮಗ ಸುಳ್ಳು ಹೇಳಿದ. ಮಾಣಿಕಮ್ಮ ಕಣ್ಣರಳಿಸಿದಳು. ಸಂಶೋಧನೆಗೆ ದೀಪದ ಅಡ್ಡಿ ಇಲ್ಲವೆಂದು ತಾನೇ ತೀರ್ಪು ಕೊಟ್ಟುಕೊಂಡು, ಕೇಳಿದ್ದು ಒಂದು ಚಮಚವಾದರೆ ದೊಡ್ಡ ಡಬ್ಬಿ ತುಂಬ ಕೊಟ್ಟಳು.

ಶನಿವಾರ ರಾತ್ರಿ ಇಟ್ಟ ಮೊಸರು ಭಾನುವಾರ ಬೆಳಿಗ್ಗೆ ಕಲ್ಲಿನಂತೆ ಕಟ್ಟಿತ್ತು. ಅದು ಯಾರ ಮನೆಯ ಹೆಪ್ಪೆಂದು ಅಳಿಯ ಹೇಳಿದಾಗ ಸೂಗಮ್ಮ ಗಡಿಗೆ ಹಿಡಿದುಕೊಂಡೇ ನೆಲಕ್ಕೆ ಕೂತಳು. ಆದರೆ ಹೊತ್ತಾಗಿತ್ತು, ಬೀಗರ ಜೀಪು ಓಣಿಯ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿತ್ತು.

ಕುಬಸ ಚೆನ್ನಾಗಿಯೇ ಆಯಿತು. ಉಮಾದೇವಿ ಹಸಿರು ಸೀರೆಯಲ್ಲಿ ಕೂತಳು, ಆರತಿಯಾಯಿತು, ಪಂಕ್ತಿ ಕೂತಿತು. ಹೋಳಿಗೆ ಬಂತು, ತುಪ್ಪ ಬಂತು. ಯಾರಿಗೂ ಅದರ ಮೇಲೆ ಮನಸ್ಸಿರಲಿಲ್ಲ. ನೀಲಮ್ಮ, ಚಿಕ್ಕಮ್ಮ, ಸೋದರತ್ತೆ ಮೂವರೂ ಅನ್ನದಲ್ಲಿ ಗುಣಿ ಮಾಡಿಕೊಂಡು ಮೊಸರಿಗೆ ಕಾಯುತ್ತಿದ್ದರು. ಮಾಣಿಕಮ್ಮ ತಮ್ಮ ಮನೆಯ ಹೆಪ್ಪು ಲ್ಯಾಬಿಗೆ ಹೋಗಿದೆ, ಅಲ್ಲಿ ದೊಡ್ಡದೊಡ್ಡವರು ದುರ್ಬೀನಿನಲ್ಲಿ ನೋಡುತ್ತಿದ್ದಾರೆ ಎಂದು ಎಡಬಲದವರಿಗೆಲ್ಲ ಹೇಳುತ್ತಿದ್ದಳು. ಎದುರಿನ ಸಾಲಿನಲ್ಲಿ ಕೂತಿದ್ದ ಸಂತೋಷಕುಮಾರ ಎಲೆಯಿಂದ ತಲೆ ಎತ್ತಲಿಲ್ಲ. ಸೂಗಮ್ಮ ಸ್ವತಃ ಬಡಿಸಿದಳು. ಮೊಸರು ಗಡ್ಡೆಗಡ್ಡೆಯಾಗಿ ಅನ್ನದ ಮೇಲೆ ಕೂತಿತು. ಮೂವರ ಮುಖ ಸಪ್ಪಗಾಯಿತು. ಮಾಣಿಕಮ್ಮ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ತೆಗೆದಳು.

"ಹುಳಿ ಜರಾ ಜಾಸ್ತಿ ಆಗ್ಯದ," ಎಂದಳು.

ನೀಲಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಇಷ್ಟಾದ್ರೂ ಕಟ್ಯದಲ್ಲ ಅಂತ ಸಂತೋಷ ಪಡ್ರಿ ಬೀಗತಿ. ನಿಮ್ಮ ಮಗನ ಕೈಗುಣಕ್ಕ ಈ ಮನ್ಯಾಗ ಒಂದು ವಾರದಿಂದ ಹಾಲು ಹೆಪ್ಪೇ ಹಿಡಿದಿಲ್ಲ. ನಮ್ಮ ಅಕ್ಕನೇ ಹೇಳ್ಯಾಳ."

ಮಾಣಿಕಮ್ಮನ ಕೈ ಎಲೆಯ ಮೇಲೆ ನಿಂತಿತು. ತನ್ನ ಮಗ ಅಪಶಕುನದವನೇ ಎಂದು ಆಕೆ ಕೇಳಿದ ದನಿಯಲ್ಲಿ, ಇನ್ನೊಂದು ಮಾತು ಬಂದರೆ ಬೀಗರೆಲ್ಲ ಎಲೆ ಬಿಟ್ಟು ಏಳುತ್ತಾರೆಂಬುದು ಎಲ್ಲರಿಗೂ ತಿಳಿಯಿತು. ಉಮಾದೇವಿಯ ಕಣ್ಣಲ್ಲಿ ನೀರು ಬಂತು. ಎಮ್ಮೆ ಎಂಬ ಒಂದೇ ಶಬ್ದ ಸಂತೋಷಕುಮಾರನನ್ನು ಉಳಿಸುತ್ತಿತ್ತು. ಅವನು ಬಾಯಿ ತೆರೆಯಲಿಲ್ಲ. ಕಿವಿ ಕೆಂಪಗೆ ಮಾಡಿಕೊಂಡು ಅನ್ನ ಕಲಸುತ್ತಲೇ ಕೂತ. ಇಂಥ ಹುಡುಗನನ್ನು ಅಂಗಳದಲ್ಲಿ ನಿಲ್ಲಿಸಿ ಕೈ ತೊಳೆಸಿದೆನಲ್ಲ ಎಂದು ಸೂಗಮ್ಮನಿಗೆ ನಾಚಿಕೆಯಾಯಿತು. ಆಕೆ ಗಡಿಗೆಯನ್ನು ಕೆಳಗಿಟ್ಟು ಪಂಕ್ತಿಯ ನಡುವೆ ನಿಂತಳು.

"ಅವರ ಕೈಯಾಗ ಏನೂ ಇಲ್ಲ. ನಮ್ಮ ಎಮ್ಮಿಗಿ ಬಾವು ಬಂದು ಔಷಧ ಹಾಕಿಸಿದ್ದೆ, ಡಾಕ್ಟರು ಹಾಲು ಚೆಲ್ಲು ಅಂದ್ರೂ ಚೆಲ್ಲಲಿಲ್ಲ. ನನ್ನ ಹೆಪ್ಪ, ಇವರ ಮೂರೂ ಮಂದಿ ಹೆಪ್ಪ, ಎಲ್ಲಾ ಕೊಂದಾಕಿ ನಾನೇ. ಮ್ಯಾಲ ಇವರಿಗೇ ಬೈದೆ. ಖರೆ ಏನಂತ ಕಂಡುಹಿಡಿದು, ಯಾರಿಗೂ ಹೇಳದೆ ನನ್ನ ಮಾನ ಉಳಿಸಿದೋರು ನನ್ನ ಅಳಿಯ. ನನಗ ಮಸರ ಮಾಡ್ಲಾಕ ಬರ್ತದ ಅಂತ ಇನ್ನ ಯಾರೂ ಅನಬ್ಯಾಡ್ರಿ."

ಚಿಂಚೋಳಿಯ ಸೋದರತ್ತೆ ನಾಲ್ಕು ದಿನದ ಸಿಟ್ಟನ್ನು ಒಂದೇ ನಿಟ್ಟುಸಿರಿನಲ್ಲಿ ಬಿಟ್ಟು ಅನ್ನಕ್ಕೆ ಕೈ ಹಾಕಿದಳು. ಮಾಣಿಕಮ್ಮ ಮಗನ ಮುಖ ನೋಡಿದಳು, ಸೂಗಮ್ಮನ ಮುಖ ನೋಡಿದಳು. ಇಷ್ಟು ಜನರೆದುರು ಬೀಗತಿ ಸೋತು ನಿಂತದ್ದನ್ನು ಕಂಡು ಆಕೆಯ ಮನಸ್ಸು ಒಮ್ಮೆಲೇ ದೊಡ್ಡದಾಯಿತು.

"ಇರ್ಲಿ ಬಿಡ್ರಿ, ಎಲ್ಲಾರ ಮನ್ಯಾಗ ಆಗ್ತದ," ಎಂದಳು. "ನಮ್ಮ ಮನಿ ಹೆಪ್ಪ ಕೊಡ್ತೀನಿ, ಒಯ್ದು ಹಾಕ್ರಿ. ಮಸರ ಅಂದ್ರ ಹ್ಯಾಂಗ ಇರ್ತದ ಅಂತ ಆಗ ಗೊತ್ತಾಗ್ತದ."

ಸಂತೋಷಕುಮಾರ ನೀರಿನ ಲೋಟಕ್ಕೆ ಕೈ ಚಾಚಿದ. ಗೋಡೆಯ ಆಚೆಯಿಂದ ಹೆಪ್ಪಿನ ಗುಟ್ಟನ್ನೂ ಕೇಳಿಸಿಕೊಂಡಿದ್ದ ಮಾಶಾಬಿ ಬಾಗಿಲಲ್ಲಿ ನಿಂತು ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ಸೂಗಮ್ಮನ ನಾಲಿಗೆಯ ತುದಿಗೆ ಒಂದು ಮಾತು ಬಂದು ನಿಂತಿತು. ಅದನ್ನಾಡಿದರೆ ಮಾಣಿಕಮ್ಮ ಇನ್ನು ಜನ್ಮದಲ್ಲಿ ಯಾರ ಮೊಸರಿನಲ್ಲೂ ಕೊಂಕು ತೆಗೆಯುವಂತಿರಲಿಲ್ಲ. ಅಳಿಯ ಎಲೆಯ ಮೇಲಿನಿಂದ ಕಣ್ಣೆತ್ತಿ, ಮದುವೆಯಾದಾಗಿನಿಂದ ಮೊದಲ ಸಲ, ನೇರವಾಗಿ ಅತ್ತೆಯನ್ನೇ ನೋಡುತ್ತಿದ್ದ.

"ಕೊಡ್ರಿ ಬೀಗತಿ," ಎಂದಳು ಸೂಗಮ್ಮ. "ನಿಮ್ಮಂಥಾ ಹೆಪ್ಪ ನಮಗೆಲ್ಲಿ ಸಿಗಬೇಕು."

ಮಾಣಿಕಮ್ಮ ತೃಪ್ತಿಯಿಂದ ತಲೆಯಾಡಿಸಿ, ಇನ್ನೊಂದು ಸಲ ಮೊಸರು ಹಾಕಿಸಿಕೊಳ್ಳಲು ಅನ್ನವನ್ನು ಪಕ್ಕಕ್ಕೆ ಸರಿಸಿದಳು.